ದಾರದ್ದಲ್ಲ, ಕೊಕ್ಕೆಯ ತಪ್ಪು

ಗುರುವಾರ, ಬೆಳಿಗ್ಗೆ

…ಛೆ, ಇದೂ ಕೆಟ್ಟು ಹೋಯ್ತು. ಕ್ಷಮಿಸಕ್ಕ, ಮತ್ತೆ ಮೊದಲಿಂದ ಶುರು ಮಾಡ್ತಿದ್ದೀನಿ. ಆಗಿನಿಂದ ಮಾತಾಡೋದು, ಅಳಿಸೋದು, ಇದೇ ಆಗಿದೆ. ಒಂದರಲ್ಲಿ ಅಳು ಬಂತು, ಒಂದರಲ್ಲಿ ಕೋಪ ಬಂತು, ಇನ್ನೊಂದರಲ್ಲಿ ಸಿಸ್ಟರ್ ಬಂದ್ರು. ಇನ್ನು ಅಳಿಸಲ್ಲ. ಹೇಗೆ ಬರತ್ತೋ ಹಾಗೆ ಕಳಿಸ್ತೀನಿ, ನೀನು ಹೇಗಾದ್ರೂ ಕೇಳಿಸ್ಕೋ.

ಮೊದಲು ಮುಖ್ಯವಾದದ್ದು ಹೇಳಿಬಿಡ್ತೀನಿ. ಚೂಟಿಗೆ ಆ ಫ್ಯಾಕ್ಟರ್ ಬಾಟಲಿ ಹಾಕಿಸಬೇಡ. ಭಾವ ತಂದು ಕೈಗೆ ಕೊಟ್ರೂ ಹಾಕಿಸಬೇಡ. ಆಪರೇಷನ್ ಮಾಡೋ ಡಾಕ್ಟರಿಗೆ ಹೇಳು, ಬಾಟಲಿ ಮುಟ್ಟೋಕೆ ಮುಂಚೆ ಇಲ್ಲಿರೋ ರಕ್ತದ ಡಾಕ್ಟರಮ್ಮನ ಹತ್ರ ಒಂದು ಮಾತು ಆಡಿ ಅಂತ. ಅವರ ನಂಬರ್ ಇದರ ಕೆಳಗೇ ಹಾಕಿದ್ದೀನಿ. ಅಷ್ಟು ಮಾಡಿದ್ರೆ ಸಾಕು. ಇದರ ಮುಂದೆ ಕೇಳದೆ ಇದ್ರೂ ಪರವಾಗಿಲ್ಲ.

ಈಗ, ಅಪ್ಪ ಪತ್ರ ಬರೆಯಕ್ಕೆ ಕಲಿಸಿದ ಹಾಗೆ. ವಾರ, ಹೊತ್ತು ಹೇಳಿದ್ದಾಯ್ತು. ಪ್ರೀತಿಯ ಅಕ್ಕನಿಗೆ, ನಿನ್ನ ತಮ್ಮ ಮಾಡುವ ನಮಸ್ಕಾರ. ನಾನು ಕ್ಷೇಮ ಅಂತ ಹೇಳೋ ಹಾಗಿಲ್ಲ, ಆಸ್ಪತ್ರೆ ಮಂಚದ ಮೇಲಿದ್ದೀನಿ. ನೀನು ಕ್ಷೇಮವಾ ಅಂತ ಕೇಳೋ ಹಾಗೂ ಇಲ್ಲ, ನೀನೂ ಆಸ್ಪತ್ರೆ ಬೆಂಚಿನ ಮೇಲಿದ್ದೀಯ. ಇಷ್ಟು ವರ್ಷ ಆದ ಮೇಲೆ ಮಾತಾಡಕ್ಕೆ ಒಳ್ಳೇ ಜಾಗ ಹುಡುಕಿಕೊಂಡ್ವಿ ಇಬ್ಬರೂ. ತಡವಾಗಿದ್ದಕ್ಕೆ ಕ್ಷಮೆ ಕೇಳೋದು ಪತ್ರದ ಮರ್ಯಾದೆ. ಅದನ್ನ ನಾನು ನಿನ್ನ ಹತ್ರ ಎಷ್ಟು ಸಲ ಕೇಳಿದ್ದೀನೋ ನಿನಗೇ ಗೊತ್ತು.

ಚೂಟಿ ಏಣಿಯಿಂದ ಬಿದ್ದದ್ದು ನಂಗೆ ಹೇಗೆ ಗೊತ್ತಾಯ್ತು ಅಂತ ಯೋಚನೆ ಮಾಡ್ತಿರ್ತೀಯ. ಭಾವನ ಮೇಲೆ ಹಾರಾಡಬೇಡ. ಬೆಳಗಾಗುತ್ತಲೇ ಅವರೇ ಮೆಸೇಜ್ ಹಾಕಿದ್ರು. ಅಂಗಡಿ ಬೋರ್ಡು ಬರೀವಾಗ ಏಣಿ ಜಾರಿತಂತೆ, ತೊಡೆ ಮೂಳೆ ಮುರಿದಿದೆ, ಇವತ್ತು ಮಧ್ಯಾಹ್ನ ಆಪರೇಷನ್, ಫ್ಯಾಕ್ಟರ್ ಬಾಟಲಿ ಇಲ್ಲಿ ಸಿಗ್ತಾ ಇಲ್ಲ, ನಿನಗೆ ಎಲ್ಲಾದ್ರೂ ಗೊತ್ತಾ ಅಂತ. ಕೊನೇಲಿ, ನಿಮ್ಮಕ್ಕಂಗೆ ಹೇಳಬೇಡ ಮಾರಾಯ ಅಂತ. ಬೋರ್ಡಿನಲ್ಲಿ ಒಂದೇ ಅಕ್ಷರ ಬಾಕಿ ಉಳಿದಿದೆ, ಅದನ್ನ ಬೇರೆಯವರ ಕೈಲಿ ಬರೆಸಬೇಡಿ ಅಂತ ಅವಳು ಮಲಗಿದ ಕಡೆಯಿಂದಲೇ ಅಂಗಡಿಯವನಿಗೆ ತಾಕೀತು ಮಾಡಿದ್ದಾಳಂತೆ. ನಿನ್ನ ಮಗಳೇ ಬಿಡು.

ಮತ್ತೆ ನಾನೇನು ಮಾಡಿದೆ ಕೇಳು. ಇಲ್ಲಿನ ದೊಡ್ಡ ಔಷಧಿ ಅಂಗಡಿ ಹೆಸರು, ಹೋಗೋ ದಾರಿ, ಅಲ್ಲಿರೋ ಹುಡುಗನ ಫೋನು, ಎಲ್ಲ ಕಳಿಸಿಕೊಟ್ಟೆ. ಭಾವ ತಕ್ಷಣ ಗಾಡಿ ಹತ್ತಿದ್ರು. ಆಮೇಲೆ ನನ್ನ ಡಾಕ್ಟರಮ್ಮ ರೌಂಡ್ಸಿಗೆ ಬಂದು, ಮಂಚದ ಪಕ್ಕ ಕೂತು, ಒಂದು ವಿಷಯ ಹೇಳಿದ್ರು. ಅದನ್ನ ಕೇಳಿದ ಮೇಲೆ ಭಾವನಿಗೆ ಫೋನ್ ಮಾಡ್ತಾನೇ ಇದ್ದೀನಿ. ಗಾಡಿ ಮೇಲಿದ್ದಾಗ ಅವರು ಫೋನ್ ಎತ್ತಲ್ಲ ಅನ್ನೋದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ನಿಮ್ಮ ಆಸ್ಪತ್ರೆಗೂ ಮಾಡಿದೆ. ಪೇಷೆಂಟಿಗೆ ನೀವೇನಾಗಬೇಕು ಅಂದ್ಲು ಫೋನ್ ಎತ್ತಿದ ಹುಡುಗಿ. ಸೋದರಮಾವ ಅಂದೆ. ಒಂದು ನಿಮಿಷ ಅಂತ ಸಂಗೀತ ಹಾಕಿದ್ಲು. ಆ ಸಂಗೀತ ಇನ್ನೂ ಮುಗಿದಿಲ್ಲ. ಡಾಕ್ಟರಮ್ಮನೂ ನಿಮ್ಮ ಡಾಕ್ಟರಿಗೆ ಪ್ರಯತ್ನ ಪಡ್ತಿದ್ದಾರೆ, ಅವರು ಇನ್ಯಾವುದೋ ಆಪರೇಷನ್ನಿನಲ್ಲಿದ್ದಾರಂತೆ. ಮನೆಯವರು ಯಾರಾದ್ರೂ ತಡೀಬೇಕು ಅಂದ್ರು. ಮನೆಯವರು ಅಂದ್ರೆ ಈಗ ನೀನೊಬ್ಬಳೇ. ನೀನು ನನ್ನ ಫೋನ್ ಎತ್ತಲ್ಲ. ಅದಕ್ಕೇ ಈ ಪತ್ರ.

ಧ್ವನಿ ಹೀಗ್ಯಾಕಿದೆ ಅಂತ ನಗಬೇಡ. ಮೂಗಿನ ಎರಡೂ ಕಡೆ ಬಟ್ಟೆ ತುರುಕಿದ್ದಾರೆ. ಮಾತಾಡಲೇಬಾರದು ಅಂತ ಆಜ್ಞೆ ಬೇರೆ. ನಂಗೆ, ಅಕ್ಕ, ಮಾತಾಡಬಾರದು ಅಂತ. ಪಕ್ಕದ ಮಂಚದಲ್ಲಿ ಯಾರಿದ್ದಾರೆ ಗೊತ್ತಾ? ತರಕಾರಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗೋರು. ಗಂಟಲು ಆಪರೇಷನ್ ಆಗಿದೆ, ಅವರಿಗೂ ಬಾಯಿಗೆ ಬೀಗ. ಇಬ್ಬರನ್ನೂ ಒಂದೇ ರೂಮಿಗೆ ಹಾಕಿದೋರಿಗೆ ತಮಾಷೆ ಗೊತ್ತಿದೆ. ಈಗ ಅವರೇ ನನ್ನ ಕಾವಲು. ಸಿಸ್ಟರ್ ಬರೋದು ಕಂಡ್ರೆ ಚಮಚದಲ್ಲಿ ಮಂಚದ ಕಂಬಿ ಬಡೀತಾರೆ.

ಬಡೀತಿದ್ದಾರೆ. ಕಳಿಸ್ತಿದ್ದೀನಿ. ಬಾಟಲಿ ಹಾಕಿಸಬೇಡ.


ಗುರುವಾರ, ಅದಾದ ಸ್ವಲ್ಪ ಹೊತ್ತಿಗೆ

ಅಕ್ಕ, ನೀನು ಕೇಳಿಸಿಕೊಂಡೆ ಅಂತ ಫೋನು ತೋರಿಸ್ತು. ನೀನು ಏನೋ ಟೈಪ್ ಮಾಡ್ತಿದ್ದೀಯ ಅಂತಾನೂ ತೋರಿಸ್ತು. ಹರಾಜಿನವರಿಗೆ ಫೋನ್ ತಿರುಗಿಸಿ ತೋರಿಸಿದೆ, ಅವರು ಹೆಬ್ಬೆರಳು ಎತ್ತಿದ್ರು.

ಆಮೇಲೆ ನಿನ್ನ ಉತ್ತರ ಬಂತು. ಒಂದೇ ಸಾಲು. "ಇವತ್ತೂ ಬಾಟಲಿ ತಡ ಮಾಡಿಸ್ತೀಯಾ?"

ಓದಿ ಫೋನ್ ಮಗುಚಿ ಹೊದಿಕೆ ಮೇಲಿಟ್ಟೆ. ಹರಾಜಿನವರು ಏನಂತೆ ಅಂತ ಹುಬ್ಬು ಹಾರಿಸಿದ್ರು. ನಾನು ಏನಿಲ್ಲ ಅಂತ ತಲೆ ಆಡಿಸಿದೆ.

ನೀನು ಹೇಳಿದ್ದು ಸರಿ. ನಿನ್ನ ಜಾಗದಲ್ಲಿದ್ದಿದ್ರೆ ನಾನು ಇದಕ್ಕಿಂತ ಕೆಟ್ಟದಾಗಿ ಬರೀತಿದ್ದೆ. ನಿನ್ನ ಮಗು ಬುಗುರಿ ಆಸ್ಪತ್ರೇಲಿದ್ದಾಗ ಎರಡನೇ ಬಾಟಲಿ ತರಕ್ಕೆ ನನ್ನನ್ನ ಸ್ಕೂಟರಲ್ಲಿ ಕಳಿಸಿದೆ ನೀನು. ಬರೋ ದಾರೀಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಬಂತು, ನಿಂತ್ಕೊಂಡ್ತು, ಹಿಂದೆ ಹೋಯ್ತು, ಮತ್ತೆ ಮುಂದೆ ಬಂತು. ನಾನು ಐಸ್ ಡಬ್ಬ ಎದೆಗವಚಿಕೊಂಡು ನಿಂತಿದ್ದೆ. ಬಂದು ತಲುಪಿದಾಗ ನೀನು ಮೆಟ್ಟಿಲ ಮೇಲೇ ನಿಂತಿದ್ದೆ. ಬಾಟಲಿ ಹಾಕಿದ್ರು. ಆ ಸಂಜೇನೇ ಮಗು ಹೋಯ್ತು. ಗೇಟು ಹಾಕಿತ್ತಕ್ಕ ಅಂತ ನಾನಂದೆ. ಗೇಟಿನ ಕೆಳಗೆ ಬಗ್ಗಿ ಬರಕ್ಕಾಗಲಿಲ್ವೇನೋ ಅಂತ ನೀನಂದೆ. ಅಲ್ಲಿಗೆ ನಮ್ಮಿಬ್ಬರ ಮಾತು ಮುಗೀತು.

ಆದ್ರೆ ಇವತ್ತು ತಡ ಮಾಡಿಸ್ತಿಲ್ಲ, ಬೇಡ ಅಂತಿದ್ದೀನಿ. ಅದೂ ನಾನಲ್ಲ, ಓದಿದವರು ಹೇಳಿದ್ದು. ಸುಮ್ಮನೆ ಹೇಳಿದ್ರೆ ನೀನು ಕೇಳಲ್ಲ, ಕಾರಣ ಬೇಕು. ಸರಿ, ಕಾರಣ ಹೇಳ್ತೀನಿ. ದಯವಿಟ್ಟು ಪೂರ್ತಿ ಕೇಳು.

ಅಮ್ಮ ನಮಗೆ ಕಲಿಸಿದ ಬಾಯಿಪಾಠ ನೆನಪಿದೆಯಲ್ಲ? "ನಂಗೆ ರಕ್ತ ಬೇಗ ನಿಲ್ಲಲ್ಲ. ದಾರದಲ್ಲಿ ದೋಷ ಇದೆ. ಬಾಟಲಿ ಕೊಡಿ." ಮಗ್ಗಿ ಕಲಿಯೋಕೆ ಮುಂಚೆ ಇದನ್ನ ಕಲಿತ್ವಿ. ಶಾಲೆಗೆ ಸೇರಿಸೋ ದಿನ ಮೇಷ್ಟ್ರು ನಿನ್ನ ಹೆಸರೇನಪ್ಪ ಅಂದ್ರೆ ನಾನು ಇದನ್ನೇ ಹೇಳಿದ್ದೆ ಅಂತ ನೀನು ಎಷ್ಟು ದಿನ ಆಡಿಕೊಂಡೆ. ನೀನು ಬುಗುರಿಗೆ ಕಲಿಸಿದೆ, ಚೂಟಿಗೆ ಕಲಿಸಿದೆ. ನಾನು ನನ್ನ ಮಕ್ಕಳಿಗೆ ಕಲಿಸಿದೆ. ಯಾವ ಆಸ್ಪತ್ರೆಗೆ ಹೋದ್ರೂ ನಾವೇ ಮೊದಲು ಬಾಯಿ ಬಿಡೋರು. ಡಾಕ್ಟರುಗಳಿಗೂ ಸುಲಭ. ರೋಗದ ಹೆಸರೂ ನಾವೇ ಹೇಳಿ, ಔಷಧಿ ಹೆಸರೂ ನಾವೇ ಹೇಳಿದ ಮೇಲೆ ಅವರಿಗೇನು ಉಳೀತು?

ಈ ವಾರವೂ ಅದೇ ಆಯ್ತು. ಒಂದು ಸೂಟ್‌ಕೇಸಿನ ಹಿಡಿ ರಿಪೇರಿ ಮಾಡ್ತಿದ್ದೆ. ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ, ಕಿತ್ತುಕೊಂಡು ಬಂದು ನೇರ ಮೂಗಿಗೆ ಬಡೀತು. ರಕ್ತ ನಿಲ್ಲಲೇ ಇಲ್ಲ. ನನ್ನವಳು, ನಿನ್ನ ನಾದಿನಿ, ಅಂಗಡಿ ಬಾಗಿಲು ಎಳೆದು ಇಲ್ಲಿಗೆ ಕರ್ಕೊಂಡು ಬಂದ್ಲು. ನಾನು ಬಟ್ಟೆ ಒತ್ತಿಕೊಂಡೇ ಬಾಯಿಪಾಠ ಒಪ್ಪಿಸಿದೆ. ಬಾಟಲಿ ಹಾಕಿದ್ರು.

ಹಾಕಿದ ಮೇಲೆ ಕಡಿಮೆ ಆಗಬೇಕಿತ್ತು. ಜಾಸ್ತಿ ಆಯ್ತು, ಅಕ್ಕ. ರಕ್ತ ಪರೀಕ್ಷೆ ಮಾಡಿದ್ರೆ ಪ್ಲೇಟ್‌ಲೆಟ್ ಮೊದಲಿಗಿಂತ ಕೆಳಗಿಳಿದಿದೆ. ನಾನು, ಇನ್ನೊಂದು ಬಾಟಲಿ ಹಾಕಿ, ಒಂದು ಸಾಲದು ಅಂದೆ. ಹೌದು, ನಾನೇ ಅಂದೆ. ಆಗ ಈ ಡಾಕ್ಟರಮ್ಮ ಬಂದ್ರು. ನಿನ್ನ ವಯಸ್ಸಿರಬಹುದು. ನಾನು ಬಾಯಿಪಾಠ ಶುರು ಮಾಡಿದೆ. ಅವರು ಕೇಳಿಸಿಕೊಂಡು, "ದಾರದಲ್ಲಿ ದೋಷ ಅಂತ ಯಾರು ಹೇಳಿದ್ದು?" ಅಂದ್ರು. ಅಮ್ಮ ಅಂದೆ. "ಅಮ್ಮನಿಗೆ ಯಾರು ಹೇಳಿದ್ದು?" ಅಂದ್ರು. ಆ ಕಾಲದ ಡಾಕ್ಟರು ಅಂದೆ. "ಕೊಕ್ಕೆ ನೋಡಿದ್ರಾ ಆ ಕಾಲದ ಡಾಕ್ಟರು?" ಅಂದ್ರು. ನಂಗೆ ಅರ್ಥ ಆಗಲಿಲ್ಲ. ಯಾವ ಕೊಕ್ಕೆ?

ಚಮಚ ಬಡೀತಿದೆ. ಇರು.


ಗುರುವಾರ, ಊಟದ ತಟ್ಟೆ ತಂದಿಟ್ಟು ಹೋದ ಮೇಲೆ

ಬಂದೆ. ಸಿಸ್ಟರ್ ಬಂದು ನನ್ನ ಮುಖ ನೋಡಿ, "ಮಾತಾಡಿದ್ರಾ?" ಅಂದ್ರು. ಇಲ್ಲ ಅಂತ ಬಾಯಿ ಬಿಟ್ಟೇ ಹೇಳಿದೆ. ಅವರಿಗೆ ನಗು ಬಂತು, ತಡ್ಕೊಂಡ್ರು.

ಭಾವ ಮೆಸೇಜ್ ಹಾಕಿದ್ದಾರೆ. "ಬಾಟಲಿ ಸಿಕ್ತು, ಹೊರಟೆ, ಉಪಕಾರ ಆಯ್ತಪ್ಪ." ನಾನು ಬೇಡ ಬೇಡ ಅಂತ ಹತ್ತು ಸಲ ಬರೆದೆ. ಓದಿಲ್ಲ. ಈಗ ಗಾಡಿ ಮೇಲಿದ್ದಾರೆ. ಹಾಗಾಗಿ ಬೇಗ ಹೇಳ್ತೀನಿ. ನೀನು ಬೈಕೊಂಡಾದ್ರೂ ಕೇಳು.

ರಕ್ತದಲ್ಲಿ ಒಂದು ಉದ್ದನೆ ದಾರದ ಥರದ್ದು ಹರೀತಿರತ್ತೆ. ನಮ್ಮ ಬಾಟಲೀಲಿ ಇರೋ ಫ್ಯಾಕ್ಟರ್ ಅಂದ್ರೆ ಅದೇ. ಗಾಯ ಇಲ್ಲದಾಗ ಅದು ಸುರುಳಿ ಸುತ್ಕೊಂಡು ತನ್ನ ಪಾಡಿಗೆ ಇರತ್ತೆ. ಎಲ್ಲಾದ್ರೂ ನರ ಹರೀತು ಅಂದ್ಕೋ, ಹರಿದ ಬಾಯಿಗೆ ಅಂಟಿಕೊಂಡು ಬಿಚ್ಚಿಕೊಳ್ಳತ್ತೆ. ಪ್ಲೇಟ್‌ಲೆಟ್ ಗೊತ್ತಲ್ಲ ನಿನಗೆ, ಸಣ್ಣ ಸಣ್ಣ ಬಿಲ್ಲೆ ಥರದವು. ಅವುಗಳ ಮೈ ಮೇಲೆ ಕೊಕ್ಕೆ ಇರತ್ತೆ. ಡಾಕ್ಟರಮ್ಮ ರಿಸೆಪ್ಟರ್ ಅಂತಾರೆ. ಆ ಕೊಕ್ಕೆ ಹೋಗಿ ಬಿಚ್ಚಿಕೊಂಡ ದಾರಕ್ಕೆ ಸಿಕ್ಕಿಹಾಕಿಕೊಳ್ಳತ್ತೆ. ಒಂದು ನಿಂತ್ರೆ ಅದರ ಹಿಂದೆ ಇನ್ನೊಂದು. ಹಾಗೆ ಬಾಯಿ ಮುಚ್ಚತ್ತೆ.

ದಾರ ಕೆಟ್ಟಿದ್ರೆ ಹೊಸ ದಾರ ಕೊಡಬೇಕು. ಅದೇ ಬಾಟಲಿ. ನಮ್ಮದು ಅದೇ ಅಂದ್ಕೊಂಡು ಮೂರು ತಲೆಮಾರು ಬಾಯಿಪಾಠ ಮಾಡಿದ್ವಿ.

ನಮ್ಮ ದಾರ ಚೆನ್ನಾಗಿದೆ, ಅಕ್ಕ. ಕೆಟ್ಟಿರೋದು ಕೊಕ್ಕೆ. ಕೆಟ್ಟಿರೋದು ಅಂದ್ರೆ ಹಿಡಿಯಲ್ಲ ಅಂತಲ್ಲ, ವಿಪರೀತ ಹಿಡಿಯತ್ತೆ. ನಮ್ಮ ಅಂಗಡೀಲಿ ಚರ್ರ್ ಪಟ್ಟಿ ಅಂತೀವಲ್ಲ, ಸ್ಕೂಲ್ ಬ್ಯಾಗಿಗೆ ಹಾಕೋದು, ಚರ್ರ್ ಅಂತ ಬಿಡಿಸೋದು? ಅದರಲ್ಲಿ ಒಂದು ಕಡೆ ಮೆತ್ತಗೆ, ಒಂದು ಕಡೆ ಬಿರುಸು. ಬಿರುಸು ಕಡೆ ಇದೆಯಲ್ಲ, ಅದನ್ನ ತೆರೆದಿಟ್ಟುಕೊಂಡು ಓಡಾಡಿದ್ರೆ ಏನಾಗತ್ತೆ? ಸ್ವೆಟರಿನ ಉಣ್ಣೆ ಹಿಡ್ಕೊಳ್ಳತ್ತೆ, ಕೂದಲು ಹಿಡ್ಕೊಳ್ಳತ್ತೆ, ಕಾಲುಚೀಲ ಹಿಡ್ಕೊಳ್ಳತ್ತೆ. ಕೊನೆಗೆ ಬ್ಯಾಗು ಮುಚ್ಚೋ ಹೊತ್ತಿಗೆ ಕೊಕ್ಕೆ ಎಲ್ಲ ಕಸ ತುಂಬಿಕೊಂಡು, ಹಿಡಿಯಬೇಕಾದ್ದನ್ನ ಹಿಡಿಯಲ್ಲ. ನಮ್ಮ ಪ್ಲೇಟ್‌ಲೆಟ್ ಕತೆ ಅದೇ. ಗಾಯ ಇಲ್ಲ ಏನಿಲ್ಲ, ದಾರಿ ಮೇಲೆ ಸುಮ್ಮನೆ ಹೋಗ್ತಿರೋ ದಾರವನ್ನೇ ತಬ್ಕೊಂಡು ಮುದ್ದೆ ಕಟ್ಕೊಳ್ಳತ್ತೆ. ಮೈ ಆ ಮುದ್ದೆಗಳನ್ನ ಕಸ ಅಂತ ಗುಡಿಸಿ ಹಾಕತ್ತೆ. ನಿಜವಾಗಿ ಗಾಯ ಆದ ದಿನ ನೋಡಿದ್ರೆ ಪ್ಲೇಟ್‌ಲೆಟ್ಟೂ ಇಲ್ಲ, ದಾರವೂ ಇಲ್ಲ.

ಮೇಲಿಂದ ನೋಡಿದ್ರೆ ಎರಡೂ ಕಾಯಿಲೆ ಒಂದೇ ಥರ ಕಾಣತ್ತಂತೆ. ದಾರ ಅತಿ ಅಂಟಾದ್ರೂ ಹೀಗೇ, ಕೊಕ್ಕೆ ಅತಿ ಚುರುಕಾದ್ರೂ ಹೀಗೇ. ದೊಡ್ಡ ದೊಡ್ಡ ಕಡೆ ಕೂಡ ತಪ್ಪಾಗತ್ತಂತೆ. ಗೊತ್ತಾಗೋದು ಹೇಗೆ? ಇದನ್ನ ಕೇಳಿ ನಾನು ಮಂಚದ ಮೇಲೆ ಎದ್ದು ಕೂತೆ. ನಾನು ದಿನಾ ಜಿಪ್ಪಿಗೆ ಮಾಡೋ ಕೆಲಸವನ್ನೇ ಅವರು ರಕ್ತಕ್ಕೆ ಮಾಡ್ತಾರೆ. ಜಿಪ್ ಕೆಟ್ಟಿದೆ ಅಂತ ಯಾರಾದ್ರೂ ಬ್ಯಾಗ್ ತಂದ್ರೆ ನಾನೇನು ಮಾಡ್ತೀನಿ? ಹಲ್ಲು ಕೆಟ್ಟಿದೆಯೋ ರನ್ನರ್ ಕೆಟ್ಟಿದೆಯೋ ಅಂತ ನೋಡಕ್ಕೆ ಅವರ ಹಲ್ಲಿಗೆ ನನ್ನ ಒಳ್ಳೇ ರನ್ನರ್ ಹಾಕ್ತೀನಿ, ಅವರ ರನ್ನರನ್ನ ನನ್ನ ಒಳ್ಳೇ ಹಲ್ಲಿಗೆ ಹಾಕ್ತೀನಿ. ಇವರೂ ಹಾಗೇ. ನನ್ನ ಪ್ಲೇಟ್‌ಲೆಟ್ ತೆಗೆದು ಆರೋಗ್ಯವಾಗಿರೋ ಒಬ್ಬರ ರಕ್ತದ ನೀರಿಗೆ ಹಾಕಿದ್ರು. ಅವರ ಪ್ಲೇಟ್‌ಲೆಟ್ ತೆಗೆದು ನನ್ನ ನೀರಿಗೆ ಹಾಕಿದ್ರು. ಎರಡಕ್ಕೂ ಒಂದು ಚೂರು ಔಷಧ ಬಿಟ್ರು. ನನ್ನ ನೀರಲ್ಲಿ ಅವರ ಪ್ಲೇಟ್‌ಲೆಟ್ ತಣ್ಣಗೆ ಕೂತಿತ್ತಂತೆ. ಅವರ ನೀರಲ್ಲಿ ನನ್ನದು ಗಳಿಗೇಲಿ ಮುದ್ದೆ. ಇವತ್ತು ಬೆಳಿಗ್ಗೆ ರೌಂಡ್ಸಲ್ಲಿ ಹೇಳಿದ್ದು ಇದನ್ನೇ.

ನಮ್ಮ ದಾರಕ್ಕೆ ಏನೂ ಆಗಿಲ್ಲ. ಕೊಕ್ಕೆಯದೇ ತಪ್ಪು.

ಈಗ ಯೋಚನೆ ಮಾಡು. ಇಂಥ ಕೊಕ್ಕೆ ಇರೋರಿಗೆ ಬಾಟಲಿ ತುಂಬ ಹೊಸ ದಾರ ಸುರಿದ್ರೆ ಏನಾಗತ್ತೆ? ಉಳಿದ ನಾಲ್ಕು ಪ್ಲೇಟ್‌ಲೆಟ್ಟೂ ಅದನ್ನ ಹಿಡ್ಕೊಂಡು ಮುದ್ದೆಯಾಗಿ ಹೋಗತ್ತೆ. ನಂಗೆ ಆಗಿದ್ದು ಅದೇ. ನಂಗೆ ಬೇಕಿದ್ದದ್ದು ಬೇರೆಯವರ ಪ್ಲೇಟ್‌ಲೆಟ್. ಹಳದಿ ನೀರಿನ ಚೀಲ, ಅದನ್ನ ಏರಿಸಿದ ಮೇಲೆ ಮೂಗು ಮಾತು ಕೇಳ್ತು.

ಇದು ಹೆತ್ತವರಿಂದ ಮಕ್ಕಳಿಗೆ ಬರೋದು. ಅಮ್ಮನಿಗಿತ್ತು, ನಂಗಿದೆ. ನಿಂಗಿದೆ, ಹೆರಿಗೇಲಿ ನೀನು ಪಟ್ಟ ಪಾಡು ನಂಗೆ ಗೊತ್ತು. ಚೂಟಿ ಕೈ ಕಾಲಲ್ಲಿ ನೀಲಿ ಕಲೆ ಇಲ್ಲದ ದಿನ ನಾನು ನೋಡಿಲ್ಲ. ಅವಳ ತೊಡೆ ಮೂಳೆ ಮುರಿದು ಒಳಗೇ ರಕ್ತ ಹೋಗಿರತ್ತೆ. ಇರೋ ಸ್ವಲ್ಪ ಪ್ಲೇಟ್‌ಲೆಟ್ ಅಲ್ಲಿ ಕಾವಲು ನಿಂತಿದೆ. ಬಾಟಲಿ ಹಾಕಿದ್ರೆ ಅದೂ ಹೋಗತ್ತೆ, ಅದೇ ಹೊತ್ತಿಗೆ ಅವಳನ್ನ ಕೊಯ್ತಾರೆ. ಡಾಕ್ಟರಮ್ಮ ಇಷ್ಟೇ ಹೇಳಿದ್ದು: "ಪ್ಲೇಟ್‌ಲೆಟ್ ಚೀಲ ತರಿಸಿಟ್ಕೊಂಡು ಆಮೇಲೆ ಆಪರೇಷನ್ ಮಾಡಲಿ. ಬಾಟಲಿ ಮಾತ್ರ ಬೇಡ."

ಅಕ್ಕ. ನಿನ್ನ ತಲೆ ಈಗ ಎಲ್ಲಿಗೆ ಓಡ್ತಿದೆ ಅಂತ ನಂಗೆ ಗೊತ್ತು. ನೀನು ಯಾವತ್ತೂ ನನಗಿಂತ ಮುಂದೆ ಲೆಕ್ಕ ಮಾಡಿ ಮುಗಿಸೋಳು. ಈಗ ಅಲ್ಲಿಗೆ ಹೋಗಬೇಡ. ಅದಕ್ಕೇ ಕಾರಣ ಹೇಳದೆ ಬರೀ ಬೇಡ ಅಂದು ಬಿಡೋಣ ಅಂತ ನೋಡಿದ್ದು. ನೀನು ಬಿಡಲಿಲ್ಲ. ಇವತ್ತು ಚೂಟಿ ಒಬ್ಬಳನ್ನೇ ನೋಡು. ಎದ್ದು ಹೋಗಿ ಆ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತ್ಕೋ.


ಗುರುವಾರ, ಮಧ್ಯಾಹ್ನ

ಅಕ್ಕ, ಕೇಳಿಸಿಕೊಂಡಿದ್ದೀಯ ಅಂತ ತೋರಿಸ್ತಿದೆ. ಉತ್ತರ ಇಲ್ಲ. ಟೈಪ್ ಮಾಡ್ತಿದ್ದೀಯ ಅಂತಾನೂ ಇಲ್ಲ. ಒಂದು ಬೈಗುಳನಾದ್ರೂ ಕಳಿಸು.

ಭಾವ ಇಷ್ಟು ಹೊತ್ತಿಗೆ ತಲುಪಿರಬೇಕು. ಅವರ ಫೋನು ಈಗ ಸ್ವಿಚ್ ಆಫ್. ಚಾರ್ಜು ಮುಗಿದಿರತ್ತೆ, ಆ ಮನುಷ್ಯ ಯಾವತ್ತು ಚಾರ್ಜ್ ಮಾಡಿದ್ದಾರೆ. ನಿಮ್ಮ ಆಸ್ಪತ್ರೆಗೆ ಮತ್ತೆ ಮಾಡಿದೆ, ಮತ್ತೆ ಅದೇ ಸಂಗೀತ. ಅದನ್ನ ಈಗ ನಾನು ಪೂರ್ತಿ ಹಾಡಬಲ್ಲೆ.

ಮೂಗು ಮತ್ತೆ ಶುರುವಾಗಿದೆ. ಬಲಗಡೆ ಬಟ್ಟೆ ಒದ್ದೆ. ಸಿಸ್ಟರ್ ಫೋನ್ ಕಿತ್ಕೊಂಡು ಕಿಟಕಿ ಮೇಲಿಟ್ಟು ಹೋದ್ರು. "ಯಾರ ಹತ್ರ ಅಷ್ಟೊಂದು ಮಾತು?" ಅಂದ್ರು. ಅಕ್ಕನ ಹತ್ರ ಅಂದೆ. "ಅಕ್ಕ ಏನಂದ್ರು?" ಅಂದ್ರು. ಅವಳು ಮಾತಾಡಲ್ಲ ಅಂದೆ. ಪಾಪ, ಆಮೇಲೆ ಬೈಯಲಿಲ್ಲ. ಹಣೆ ಒರೆಸಿ ಹೋದ್ರು. ಹರಾಜಿನವರು ಸಲೈನ್ ಕಂಬ ತಳ್ಳಿಕೊಂಡು ಹೋಗಿ ಫೋನ್ ತಂದುಕೊಟ್ರು. ಕೊಡುವಾಗ ಅವರ ಬಾಯಿ ಆಡ್ತು, ಧ್ವನಿ ಇಲ್ಲ. ಒಂದು ಸರ್ತಿ, ಎರಡು ಸರ್ತಿ, ಮೂರು ಸರ್ತಿ ಅನ್ನೋ ಹಾಗೆ ಬೆರಳೆತ್ತಿದ್ರು. ಇನ್ನೊಂದು ಸಲ ಕೂಗು ಅಂತ.

ಕೂಗ್ತಿದ್ದೀನಿ, ಅಕ್ಕ. ಒಂದೇ ಒಂದು ಮಾತು. ಹಾಕಿದ್ರಾ? ಹಾಕಲಿಲ್ವಾ?


ಗುರುವಾರ, ಬಿಸಿಲು ಕಿಟಕಿಯಿಂದ ಇಳಿದ ಮೇಲೆ

ಅಕ್ಕ, ಡಾಕ್ಟರಮ್ಮ ಈಗ ತಾನೇ ಬಂದು ಹೋದ್ರು. ನಿಮ್ಮ ಡಾಕ್ಟರು ಆಪರೇಷನ್ನಿನಿಂದ ಹೊರಗೆ ಬಂದು ಇವರಿಗೆ ಫೋನ್ ಮಾಡಿದ್ರಂತೆ. ಮೊದಲನೇ ಮಾತೇ, "ಏನ್ರೀ ಇದು, ಪೇಷೆಂಟಿನ ತಾಯಿ ಬಾಟಲಿ ಮಡಿಲಲ್ಲಿಟ್ಕೊಂಡು ಥಿಯೇಟರ್ ಬಾಗಿಲಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದಾರೆ" ಅಂತ. ಗಂಡ ತಂದುಕೊಟ್ಟ ಕೂಡಲೇ ಕಿತ್ಕೊಂಡ್ರಂತೆ. ಸಿಸ್ಟರ್ ಕೇಳಿದ್ರೂ ಕೊಡಲ್ಲ, ಗಂಡ ಕೇಳಿದ್ರೂ ಕೊಡಲ್ಲ. "ಈ ನಂಬರಿಗೆ ಮಾತಾಡಿ, ಆಮೇಲೆ ನನ್ನ ಹತ್ರ ಬನ್ನಿ" ಅಂತ ಅದೊಂದೇ ಮಾತಂತೆ.

ಡಾಕ್ಟರಮ್ಮ ಇದನ್ನ ಹೇಳಿ ನಕ್ಕರು. ನಾನೂ ನಕ್ಕೆ. ಹರಾಜಿನವರು ಕಂಬಿ ಬಡಿದ್ರು, ಸಿಸ್ಟರಿಗಲ್ಲ, ನಿನಗೆ.

ಚೂಟಿ ಪ್ಲೇಟ್‌ಲೆಟ್ ತುಂಬ ಕೆಳಗಿದೆಯಂತೆ, ಬಾಟಲಿ ಹಾಕಿದ್ದಿದ್ರೆ ಅಂತ ಅಷ್ಟಕ್ಕೇ ನಿಲ್ಲಿಸಿದ್ರು. ಹಳದಿ ಚೀಲ ತರಿಸ್ತಿದ್ದಾರೆ. ಅದು ಹತ್ತಿದ ಮೇಲೆ, ನಾಳೆ ಆಪರೇಷನ್. ಇವರು ನಾಳೆ ಪೂರ್ತಿ ಫೋನಿನಲ್ಲೇ ಇರ್ತೀನಿ ಅಂದಿದ್ದಾರೆ. ಅವಳ ರಕ್ತ, ನಿನ್ನ ರಕ್ತ ಎರಡೂ ಇಲ್ಲಿಗೆ ಕಳಿಸಬೇಕು, ಆ ಅದಲು ಬದಲು ಪರೀಕ್ಷೆಗೆ. ನನ್ನ ಮಕ್ಕಳದ್ದೂ ತೆಗೀತಾರೆ. ಗಂಡಾಂತರ ಪೂರ್ತಿ ಕಳೆದಿಲ್ಲ, ಮೂಳೆ ಸೇರೋವರೆಗೂ ಉಸಿರು ಬಿಗಿಹಿಡಿದೇ ಇರಬೇಕು. ಆದ್ರೂ ಸರಿಯಾದ ದಾರಿಯಲ್ಲಿದ್ದೀವಿ.

ಇನ್ನು ಮುಗಿಸ್ತೀನಿ. ಚೂಟಿಗೆ ಅವಳ ಮಾವನ ಆಶೀರ್ವಾದ ಹೇಳು. ಆ ಒಂದು ಅಕ್ಷರ ಅವಳ ಕೈಯಲ್ಲೇ ಬರೆಸೋದು, ಏಣಿ ಹಿಡ್ಕೊಳ್ಳೋಕೆ ನಾನೇ ಬರ್ತೀನಿ ಅಂತ ಹೇಳು. ಭಾವನಿಗೆ ನಮಸ್ಕಾರ, ಒಂದು ಚಾರ್ಜರು ಕೊಡಿಸು. ಮನೆ ಮಕ್ಕಳಿಗೆಲ್ಲ ಹೊಸ ಬಾಯಿಪಾಠ ಬರೀಬೇಕು, ಅದನ್ನ ನೀನೇ ಬರಿ, ನಂಗೆ ಚಿಕ್ಕದಾಗಿ ಬರೆಯಕ್ಕೆ ಬರಲ್ಲ. ನೀನು ದೊಡ್ಡೋಳು, ನಿನ್ನ ಆಶೀರ್ವಾದ ನಂಗೂ ಇರಲಿ.

ಇಂತಿ, ನೀನೇ ಹೆಸರಿಟ್ಟ, ಬಾಯಿ ಮುಚ್ಚದ,
ರೇಡಿಯೋ.

ಮರೆತ ಮಾತು. ಮರೆತಿದ್ದಲ್ಲ, ಬೆಳಿಗ್ಗೆಯಿಂದ ಇದನ್ನ ಹೇಳಕ್ಕಾಗದೆ ಆ ಮೊದಲಿನವನ್ನೆಲ್ಲ ಅಳಿಸ್ತಿದ್ದೆ.

ನೀನು ಆ ಬಾಟಲಿ ಮಡಿಲಲ್ಲಿಟ್ಕೊಂಡು ಕೂತೆ ಅಂದ್ರೆ ನಿನಗೆ ಎಲ್ಲ ಅರ್ಥ ಆಗಿದೆ. ಬುಗುರಿಗೂ ಮೊದಲನೇ ಬಾಟಲಿ ಆದ ಮೇಲೆ ಪ್ಲೇಟ್‌ಲೆಟ್ ಕೌಂಟ್ ಬಿದ್ದಿತ್ತು. ಸ್ವಲ್ಪ ಕಾಯೋಣ ಅಂತ ಆ ಚಿಕ್ಕ ವಯಸ್ಸಿನ ಡಾಕ್ಟರು ಅಂದಿದ್ರು, ನೀನು ಎರಡನೇದು ಬೇಕೇ ಬೇಕು ಅಂತ ಜಗಳ ಆಡಿದ್ದೆ. ಅದನ್ನೇ ನೀನು ಈಗ ತಲೆಯಲ್ಲಿ ತಿರುಗಿಸ್ತಿದ್ದೀಯ. ನಾನು ಡಾಕ್ಟರಮ್ಮನನ್ನ ಕೇಳಿದೆ. ಅವತ್ತಿನದು ಇವತ್ತು ಯಾರೂ ಖಚಿತವಾಗಿ ಹೇಳಕ್ಕಾಗಲ್ಲ ಅಂದ್ರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನೀನು ಕೇಳಿದ್ದು ಬಾಯಿಪಾಠ, ಅಕ್ಕ. ನಾನೂ ಈ ವಾರ ಅದನ್ನೇ ಕೇಳಿದೆ. ಅಮ್ಮ ಇದ್ದಿದ್ರೆ ಅವಳೂ ಅದನ್ನೇ ಕೇಳ್ತಿದ್ಲು. ಆ ಲೆಕ್ಕ ನಿನ್ನ ತಲೆ ಮೇಲೆ ಹಾಕೋಬೇಡ.

ನನ್ನದು ಬೇರೆ. ಬೆಳಿಗ್ಗೆ ಡಾಕ್ಟರಮ್ಮ ಹೇಳಿದಾಗ ಮೊದಲು ನಂಗೇನನ್ನಿಸ್ತು ಗೊತ್ತಾ? ಹಗುರ ಆಯ್ತು. ಹಾಗಾದ್ರೆ ನಾನು ತಡ ಮಾಡಿದ್ದಕ್ಕೆ ಹೋಗಲಿಲ್ಲ ಮಗು ಅಂತ. ಇಷ್ಟು ವರ್ಷ ಪ್ರತಿ ಸಲ ಗೇಟು ದಾಟುವಾಗ ಬಗ್ಗಿ ದಾಟಬಹುದಿತ್ತಾ, ಎಷ್ಟು ಎತ್ತರ ಇದೆ ಅಂತ ಅಳೀತಿದ್ದೆ. ಒಂದು ಗಳಿಗೆ ಆ ಭಾರ ಇಳೀತು. ನಿನಗೆ ಫೋನ್ ಮಾಡಿ, ನೋಡು ನನ್ನ ತಪ್ಪಲ್ಲ ಅಂತ ಹೇಳಬೇಕು ಅನ್ನಿಸಿಬಿಡ್ತು.

ಆಮೇಲೆ ಹೊಳೀತು. ತಡವಾಗಿ ಬಂದೆ, ಆದ್ರೆ ಬಂದೆನಲ್ಲ. ಗೇಟು ಎತ್ತಿದ ತಕ್ಷಣ ಎಲ್ಲರಿಗಿಂತ ಮುಂದೆ ನುಗ್ಗಿದೆ. ಬಯ್ಯೋ ಜನರನ್ನ ಬಯ್ಯಕ್ಕೆ ಬಿಟ್ಟು ಓಡಿಸಿದೆ. ಆ ಡಬ್ಬ ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ. ನನ್ನ ಕೈಯಾರೆ ಕೊಟ್ಟೆ. ಆ ಗೂಡ್ಸು ಗಾಡಿ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರಬಾರದಿತ್ತಾ, ಅಕ್ಕ? ನೀನು ನನ್ನನ್ನ ಯಾವುದಕ್ಕೆ ಬೈದೆಯೋ ಅದು ಇನ್ನೂ ಜಾಸ್ತಿ…

ಇರು, ಫೋನ್ ಬರ್ತಿದೆ. ಹರಾಜಿನವರು ಕಂಬಿ ಬಡೀತಿದ್ದಾರೆ, ಪರದೆ ಕಡೆ ಕೈ ತೋರಿಸ್ತಿದ್ದಾರೆ. ನಿನ್ನ ಹೆಸರು ಬರ್ತಿದೆ. ನೀನೇ. ಇಡ್ತೀನಿ ಅಕ್ಕ, ಎತ್ತಬೇಕು